ಗಡಿಯಂಚಿನ ಅಪರಿಚಿತ ತಾಣಗಳು: ಗುಡಿಬಂಡೆ, ಮಡಕಶಿರಾ, ರಾಯದುರ್ಗ

ಗುಡಿಬಂಡೆ ಆಂಧ್ರಪ್ರದೇಶದ ಮಡಕಶಿರಾ ಸೀಮೆಯ ಒಂದು ಮಂಡಲ ಕೇಂದ್ರ. ಅದರ ಆಸುಪಾಸಿನ ಹೇಮಾವತಿ, ಅಮರಾಪುರ, ರತ್ನಗಿರಿಗಳಿಂದ ಹಿಡಿದು ಉತ್ತರದ ರಾಯದುರ್ಗ, ದರ್ಗಾ ಹೊನ್ನೂರುಗಳವರೆಗೆ ಹರಡಿರುವ ಕನ್ನಡ ಮಾತಿನ ನಾಡಿನಲ್ಲಿ ಪ್ರವಾಸಿಗರ ಕಣ್ಣಿಗೆ ಬೀಳದ ಹಲವು ತಾಣಗಳಿವೆ. ಸಾವಿರ ವರ್ಷಗಳ ಹಿಂದಿನ ರಾಜಧಾನಿ, ಬೆಟ್ಟದ ಕೋಟೆಗಳು, ಜೈನ ಗುಹೆಗಳು, ನದಿಯ ಮರಳಿನಿಂದ ಎದ್ದ ದಿಬ್ಬಗಳು ಇವುಗಳಲ್ಲಿ ಮುಖ್ಯವಾದವು. ಇವು ಅಪರಿಚಿತವಾಗಿ ಉಳಿದದ್ದಕ್ಕೆ ದೂರ ಕಾರಣವಲ್ಲ. ಬೆಂಗಳೂರು, ತುಮಕೂರು, ಬಳ್ಳಾರಿ, ಚಿತ್ರದುರ್ಗಗಳಿಂದ ಇವೆಲ್ಲ ಒಂದು ದಿನದ ದಾರಿ. ನಡುವೆ ರಾಜ್ಯದ ಗಡಿ ಹಾದುಹೋಗಿರುವುದೇ ಕಾರಣ. ಕರ್ನಾಟಕದ ಪ್ರವಾಸಿ ನಕ್ಷೆ ಗಡಿಯಲ್ಲಿ ಮುಗಿಯುತ್ತದೆ. ಆಂಧ್ರದ ನಕ್ಷೆ ಲೇಪಾಕ್ಷಿ, ಪುಟ್ಟಪರ್ತಿ, ಪೆನುಕೊಂಡೆಗಳನ್ನು ತೋರಿಸಿ ನಿಲ್ಲುತ್ತದೆ.

ಎರಡು ಗುಡಿಬಂಡೆಗಳು

ಗುಡಿಬಂಡೆ ಎಂದೊಡನೆ ಕರ್ನಾಟಕದ ಓದುಗರಿಗೆ ನೆನಪಾಗುವುದು ಚಿಕ್ಕಬಳ್ಳಾಪುರ ಜಿಲ್ಲೆಯ ತಾಲ್ಲೂಕು ಕೇಂದ್ರ. ಬೈರೇಗೌಡನ ಹೆಸರಿನೊಂದಿಗೆ ಬೆಸೆದ ಬೆಟ್ಟದ ಕೋಟೆ, ಅದರ ಬುಡದ ಅಮಾನಿ ಬೈರಸಾಗರ ಕೆರೆ ಇರುವುದು ಅಲ್ಲಿ. ಈ ಲೇಖನದ ಗುಡಿಬಂಡೆ ಬೇರೆ. ಇದು ಮಡಕಶಿರಾ, ಅಮರಾಪುರ, ರೊಳ್ಳ, ಅಗಳಿಗಳ ಜೊತೆಗೆ ಹಳೆಯ ಮಡಕಶಿರಾ ತಾಲ್ಲೂಕನ್ನು ಹಂಚಿಕೊಂಡಿರುವ ಐದು ಮಂಡಲಗಳಲ್ಲಿ ಒಂದು. 2022ರ ಏಪ್ರಿಲ್ 4ರವರೆಗೆ ಇದು ಅನಂತಪುರ ಜಿಲ್ಲೆಯಲ್ಲಿತ್ತು. ಅಂದು ಜಿಲ್ಲೆ ಒಡೆದು ಪುಟ್ಟಪರ್ತಿ ಕೇಂದ್ರವಾದ ಶ್ರೀ ಸತ್ಯಸಾಯಿ ಜಿಲ್ಲೆ ರೂಪುಗೊಂಡಾಗ ಮಡಕಶಿರಾ ಸೀಮೆ ಹೊಸ ಜಿಲ್ಲೆಗೆ ಹೋಯಿತು, ರಾಯದುರ್ಗ ಅನಂತಪುರದಲ್ಲೇ ಉಳಿಯಿತು. ಹಳೆಯ ಪುಸ್ತಕಗಳಲ್ಲಿ ಎರಡೂ ಅನಂತಪುರ ಜಿಲ್ಲೆಯ ಹೆಸರಿನಲ್ಲೇ ಸಿಗುತ್ತವೆ.

ಗುಡಿಬಂಡೆಯಲ್ಲಿ ದೊಡ್ಡ ಸ್ಮಾರಕಗಳನ್ನು ನಿರೀಕ್ಷಿಸಬೇಕಿಲ್ಲ. ಬಂಡೆಗುಡ್ಡಗಳ ನಡುವೆ ಕಡಲೆಕಾಯಿ, ರಾಗಿ, ಹಿಪ್ಪುನೇರಳೆ ಬೆಳೆವ ಊರು ಇದು. ಪ್ರವಾಸಿಗೆ ಇದರ ಉಪಯೋಗ ಬೇರೆ ಬಗೆಯದು: ಪಶ್ಚಿಮಕ್ಕೆ ಅಮರಾಪುರ ಮತ್ತು ಹೇಮಾವತಿ, ದಕ್ಷಿಣಕ್ಕೆ ರೊಳ್ಳ ಮತ್ತು ರತ್ನಗಿರಿ, ಪೂರ್ವಕ್ಕೆ ಮಡಕಶಿರಾ. ಈ ಸೀಮೆಯನ್ನು ಸುತ್ತಲು ಗುಡಿಬಂಡೆ ನಡುವಿನ ನೆಲೆ.

ನೆಲ ಮತ್ತು ಗಡಿ

ನಕ್ಷೆಯಲ್ಲಿ ಮಡಕಶಿರಾ ಸೀಮೆ ಕರ್ನಾಟಕದೊಳಕ್ಕೆ ಚಾಚಿಕೊಂಡಿದೆ. ಉತ್ತರಕ್ಕೆ ಪಾವಗಡ, ಪಶ್ಚಿಮಕ್ಕೆ ಹಿರಿಯೂರು ಮತ್ತು ಶಿರಾ, ದಕ್ಷಿಣಕ್ಕೆ ಮಧುಗಿರಿ. ಆಂಧ್ರದ ಉಳಿದ ಭಾಗಕ್ಕೆ ಅದು ಅಂಟಿಕೊಂಡಿರುವುದು ಪೂರ್ವದ ಹಿಂದೂಪುರದ ಕಡೆಯಿಂದ ಮಾತ್ರ. ಅದರ ಪಕ್ಕದ ಪಾವಗಡ ತಾಲ್ಲೂಕಿನದು ಇದಕ್ಕೆ ತಿರುಗುಮುರುಗಾದ ಸ್ಥಿತಿ. ಕರ್ನಾಟಕದ ಆ ತಾಲ್ಲೂಕನ್ನು ಮೂರು ಕಡೆ ಆಂಧ್ರ ಸುತ್ತುವರಿದಿದೆ. ಮಡಕಶಿರಾದ ಹಳ್ಳಿಗಳಲ್ಲಿ ಕನ್ನಡ ಮನೆಮಾತಾಗಿರುವಂತೆ ಪಾವಗಡದ ಹಳ್ಳಿಗಳಲ್ಲಿ ತೆಲುಗು ಮನೆಮಾತು. ಹೆಣ್ಣು ಕೊಟ್ಟು ತರುವ ನಂಟು, ಕುಲದೇವರ ಒಕ್ಕಲು, ಸಂತೆಯ ವ್ಯಾಪಾರ ಎರಡೂ ಕಡೆಗೆ ಹಬ್ಬಿವೆ.

ಇಂಥ ಗಡಿ ಹುಟ್ಟಿದ್ದು ಭಾಷೆಯ ಲೆಕ್ಕದಿಂದಲ್ಲ. 17ನೇ ಶತಮಾನದ ಕೊನೆಯಲ್ಲಿ ಮೊಗಲರು ಕಟ್ಟಿದ ಶಿರಾ ಸುಬಾದ ಏಳು ಪರಗಣೆಗಳಲ್ಲಿ ಪೆನುಕೊಂಡೆಯೂ ಒಂದಾಗಿತ್ತು. ಅಂದರೆ ಇಂದಿನ ಗಡಿಯ ಎರಡೂ ಬದಿ ಆಗ ಒಂದೇ ಆಡಳಿತದಲ್ಲಿದ್ದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಟಿಪ್ಪುವಿನ ರಾಜ್ಯ ಹಂಚಿಹೋಯಿತು. ಮಡಕಶಿರಾ, ಹಿಂದೂಪುರ, ಪೆನುಕೊಂಡೆಗಳ ಕಡೆ ನಿಜಾಮನ ಪಾಲಾಯಿತು. ಶಿರಾ, ಮಧುಗಿರಿ, ಪಾವಗಡ ಮೈಸೂರಿಗೆ ಉಳಿದವು. ಮರುವರ್ಷವೇ ನಿಜಾಮ ತನ್ನ ಪಾಲನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ದತ್ತ ಮಂಡಲಗಳೆಂದು ಹೆಸರಾದ ಆ ಪ್ರದೇಶಕ್ಕೆ ಥಾಮಸ್ ಮನ್ರೋ 1800ರಿಂದ 1807ರವರೆಗೆ ಪ್ರಧಾನ ಕಲೆಕ್ಟರ್ ಆಗಿದ್ದ. ಮುಂದೆ ಮಡಕಶಿರಾ ಸೀಮೆ ಬಳ್ಳಾರಿ ಜಿಲ್ಲೆಗೆ ಸೇರಿ, 1882ರಲ್ಲಿ ಬಳ್ಳಾರಿಯಿಂದ ಅನಂತಪುರ ಜಿಲ್ಲೆ ಬೇರೆಯಾಯಿತು. ಮದರಾಸು ಪ್ರಾಂತ ಮತ್ತು ಮೈಸೂರು ಸಂಸ್ಥಾನಗಳ ನಡುವಿನ ಆ ಗೆರೆಯೇ ಇಲ್ಲಿ ಇಂದಿನ ರಾಜ್ಯಗಳ ಗಡಿಯಾಗಿದೆ.

ರಾಯದುರ್ಗದ ಕಥೆ ಇನ್ನೊಂದು. ಅದು 1953ರವರೆಗೂ ಬಳ್ಳಾರಿ ಜಿಲ್ಲೆಯ ತಾಲ್ಲೂಕಾಗಿತ್ತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆಯ ಹೆಚ್ಚಿನ ತಾಲ್ಲೂಕುಗಳು ಮೈಸೂರಿಗೆ ಬಂದವು. ಆದವಾನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೆ ಉಳಿದವು. ಮೊದಲೆರಡು ಕರ್ನೂಲಿಗೆ, ರಾಯದುರ್ಗ ಅನಂತಪುರಕ್ಕೆ ಸೇರಿದವು. ಈ ಎಲ್ಲ ಊರುಗಳಲ್ಲಿ ಇಂದು ಕಚೇರಿಯ ಬರಹ, ಅಂಗಡಿಯ ಫಲಕ, ಬಸ್ಸಿನ ಹಲಗೆ ತೆಲುಗಿನಲ್ಲಿ. ಮಾತು ಕನ್ನಡ, ತೆಲುಗು ಎರಡರಲ್ಲೂ. ಆಂಧ್ರ ಸರ್ಕಾರ ನಡೆಸುವ ಕನ್ನಡ ಮಾಧ್ಯಮದ ಶಾಲೆಗಳೂ ಇಲ್ಲಿವೆ.

ಮಳೆ ಕಡಿಮೆ. ಅನಂತಪುರ ಸೀಮೆಯ ವಾರ್ಷಿಕ ಸರಾಸರಿ ಸುಮಾರು 550 ಮಿ.ಮೀ. ನೈರುತ್ಯ ಮಳೆಗಾಳಿ ಪಶ್ಚಿಮಘಟ್ಟದಲ್ಲಿ ನೀರು ಸುರಿಸಿ ಒಣಗಿಕೊಂಡು ಬರುತ್ತದೆ, ಈಶಾನ್ಯದ ಮಳೆ ಕರಾವಳಿ ದಾಟಿ ಇಲ್ಲಿಯವರೆಗೆ ತಲುಪುವಷ್ಟರಲ್ಲಿ ಸೊರಗುತ್ತದೆ. ಆದರೂ ಮಡಕಶಿರಾದ ದಕ್ಷಿಣ ಪಶ್ಚಿಮ ಭಾಗದಲ್ಲಿ ಕೆರೆ ಬಾವಿಗಳ ಆಸರೆಯಿಂದ ಅಡಿಕೆ, ತೆಂಗು ಬೆಳೆಯುತ್ತವೆ.

ಹೇಮಾವತಿ: ನೊಳಂಬರ ರಾಜಧಾನಿ

ಅಮರಾಪುರ ಮಂಡಲದ ಹೇಮಾವತಿ ಈ ಸೀಮೆಯ ಅತಿ ಮುಖ್ಯ ತಾಣ. ಶಾಸನಗಳ ಹೆಂಜೇರು ಅಥವಾ ಪೆಂಜೇರು ಇದೇ. ಕ್ರಿ.ಶ. 8ರಿಂದ 10ನೇ ಶತಮಾನದವರೆಗೆ ಆಳಿದ ನೊಳಂಬ ಪಲ್ಲವರಿಗೆ ಇದು ರಾಜಧಾನಿಯಾಗಿತ್ತು. ನೊಳಂಬವಾಡಿ 32000 ಎಂದು ಶಾಸನಗಳು ಕರೆಯುವ ಅವರ ನಾಡು ಇಂದಿನ ತುಮಕೂರು, ಚಿತ್ರದುರ್ಗ, ಕೋಲಾರ, ಬಳ್ಳಾರಿ, ಅನಂತಪುರ ಸೀಮೆಗಳ ಭಾಗಗಳನ್ನು ಒಳಗೊಂಡು ತಮಿಳುನಾಡಿನ ಧರ್ಮಪುರಿಯ ಕಡೆಗೂ ಚಾಚಿತ್ತು. ಹೇಮಾವತಿಯ ಸ್ತಂಭಶಾಸನ ಈ ವಂಶವನ್ನು ತ್ರಿನಯನ ಪಲ್ಲವನಿಂದ ಆರಂಭಿಸಿ ಅರಸರ ಸಾಲನ್ನು ಹೇಳುತ್ತದೆ. ಸಿಂಹಪೋತ, ಚಾರುಪೊನ್ನೇರ, ಪೊಳಲ್ಚೋರ, ಮಹೇಂದ್ರ, ಅಯ್ಯಪದೇವರ ಹೆಸರುಗಳು ನಮಗೆ ತಿಳಿದಿರುವುದಕ್ಕೆ ಇಂಥ ಶಾಸನಗಳೇ ಆಧಾರ. ಇವರು ಒಮ್ಮೆ ರಾಷ್ಟ್ರಕೂಟರಿಗೆ, ಒಮ್ಮೆ ಗಂಗರಿಗೆ ತಲೆಬಾಗಿದರು. ಬಿಡುವು ಸಿಕ್ಕಾಗ ತಲೆ ಎತ್ತಿದರು. 10ನೇ ಶತಮಾನದ ಉತ್ತರಾರ್ಧದಲ್ಲಿ ಗಂಗರ ಇಮ್ಮಡಿ ಮಾರಸಿಂಹ ಇವರನ್ನು ಸೋಲಿಸಿ ನೊಳಂಬಕುಲಾಂತಕ ಎಂಬ ಬಿರುದು ಧರಿಸಿದ.

ನೊಳಂಬ ಶಿಲ್ಪಕ್ಕೆ ತನ್ನದೇ ಗುರುತಿದೆ. ಕಟ್ಟಡ ಎತ್ತರವಲ್ಲ, ಹೊರಗೋಡೆಗಳಲ್ಲಿ ಆಡಂಬರವಿಲ್ಲ; ಕೆಲಸವೆಲ್ಲ ಕಂಬ, ಬಾಗಿಲವಾಡ ಮತ್ತು ಜಾಲಂದ್ರಗಳಲ್ಲಿ. ಹೇಮಾವತಿಯ ದೊಡ್ಡೇಶ್ವರ ಗುಡಿಯಲ್ಲಿ ಇದನ್ನು ಚೆನ್ನಾಗಿ ಕಾಣಬಹುದು. ಗೋಡೆಗೆ ಕೂರಿಸಿದ ಕಲ್ಲಿನ ಜಾಲಂದ್ರಗಳಲ್ಲಿ ಬಳ್ಳಿಯ ಸುರುಳಿಗಳನ್ನು ಕೊರೆದು, ಆ ಸುರುಳಿಗಳ ನಡುವೆ ದೇವತೆಗಳನ್ನೂ ಪರಿವಾರದವರನ್ನೂ ಕೂರಿಸಿದ್ದಾರೆ. ಗಾಳಿ ಬೆಳಕಿಗಾಗಿ ಬಿಟ್ಟ ತೂತುಗಳೇ ಚಿತ್ರದ ಹಿನ್ನೆಲೆಯಾಗುವುದರಿಂದ, ಅದೇ ಕೆತ್ತನೆ ಒಳಗಿನಿಂದ ಕಪ್ಪಾಗಿ, ಹೊರಗಿನಿಂದ ಉಬ್ಬುಶಿಲ್ಪವಾಗಿ ಕಾಣುತ್ತದೆ. ನಯಗೊಳಿಸಿದ ಕರಿಕಲ್ಲಿನ ನಂದಿ, ಗುಂಡಗೆ ತಿರುವಿದ ಕಂಬಗಳು ಇದೇ ಕೈಚಳಕದ ಬೇರೆ ಮಾದರಿಗಳು. ಜಾಲಂದ್ರಗಳ ವಿವರ ಸ್ಪಷ್ಟವಾಗಿ ಕಾಣುವುದು ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ.

ಊರಿನವರಿಗೆ ಮುಖ್ಯ ಗುಡಿ ಮಾತ್ರ ಸಿದ್ದೇಶ್ವರನದು. ಗರ್ಭಗುಡಿಯಲ್ಲಿ ಲಿಂಗವಿಲ್ಲ, ಮನುಷ್ಯ ರೂಪದಲ್ಲಿ ಕುಳಿತ ಶಿವನಿಗೆ ಪೂಜೆ. ಶಿವಾಲಯಗಳಲ್ಲಿ ಇದು ಅಪರೂಪ. ಶಿವರಾತ್ರಿಯ ಹೊತ್ತಿನ ಜಾತ್ರೆಗೆ ಶಿರಾ, ಹಿರಿಯೂರು, ಪಾವಗಡದ ಕಡೆಯ ಒಕ್ಕಲುಗಳು ಬರುತ್ತಾರೆ. ಹೆಂಜೇರಿನ ಈ ದೇವರ ಹೆಸರನ್ನು ಮಕ್ಕಳಿಗೆ ಇಡುವ ರೂಢಿ ಸುತ್ತಣ ಸೀಮೆಯಲ್ಲಿದೆ. ಹೆಂಜಾರಪ್ಪ, ಸಿದ್ದಪ್ಪ ಎಂಬ ಹೆಸರುಗಳು ಗಡಿಯ ಎರಡೂ ಬದಿ ಕಿವಿಗೆ ಬೀಳುತ್ತವೆ. ಪ್ರವಾಸಿ ನಕ್ಷೆಯಲ್ಲಿ ಇಲ್ಲದ ಹೇಮಾವತಿ ಭಕ್ತರ ದಾರಿಯಲ್ಲಿ ಯಾವತ್ತೂ ಇತ್ತು. ಮಲ್ಲೇಶ್ವರ, ವಿರೂಪಾಕ್ಷ ಗುಡಿಗಳೂ ಇಲ್ಲಿವೆ. ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ಇವುಗಳ ರಕ್ಷಣೆಯ ಜೊತೆಗೆ ಸುತ್ತಮುತ್ತ ಸಿಕ್ಕ ಬಿಡಿ ಶಿಲ್ಪಗಳನ್ನು ಒಂದೆಡೆ ಸೇರಿಸಿ ಇಟ್ಟಿದೆ.

ಹೇಮಾವತಿಯ ಒಂದು ಪಾಲು ಹೇಮಾವತಿಯಲ್ಲಿಲ್ಲ. ತಂಜಾವೂರಿನ ಬಳಿಯ ತಿರುವೈಯಾರಿನ ಶಿವಾಲಯದ ಆವರಣದಲ್ಲಿ ಚೋಳರದಲ್ಲದ ಕಂಬಗಳ ಸಾಲೊಂದಿದೆ. ಒಂದನೆಯ ರಾಜೇಂದ್ರ ಚೋಳನ ಕಾಲದಲ್ಲಿ ನೊಳಂಬವಾಡಿಯಿಂದ ವಿಜಯದ ಗುರುತಾಗಿ ಒಯ್ದ ಕಂಬಗಳೆಂದು ಕಲಾ ಇತಿಹಾಸಕಾರರು ಅವನ್ನು ಗುರುತಿಸಿದ್ದಾರೆ. ಇನ್ನಷ್ಟು ಶಿಲ್ಪಗಳು ಚೆನ್ನೈನ ಸರ್ಕಾರಿ ವಸ್ತುಸಂಗ್ರಹಾಲಯ ಸೇರಿದವು. ಅವುಗಳ ಮೇಲೆ ಸಿ. ಶಿವರಾಮಮೂರ್ತಿಯವರು ಒಂದು ಪುಸ್ತಕವನ್ನೇ ಬರೆದಿದ್ದಾರೆ. ಮುಂದೆ ಎಂ.ಎಸ್. ಕೃಷ್ಣಮೂರ್ತಿ ನೊಳಂಬರ ಇತಿಹಾಸವನ್ನು ಕುರಿತು, ಆಂಡ್ರ್ಯೂ ಕೋಹೆನ್ ನೊಳಂಬರ ವಾಸ್ತುವನ್ನು ಕುರಿತು ಗ್ರಂಥಗಳನ್ನು ಹೊರತಂದರು. ಹೇಮಾವತಿಯಿಂದ ಹೊರಟವರು ನೊಳಂಬ ಶೈಲಿಯನ್ನು ಹಿಂಬಾಲಿಸಬಯಸಿದರೆ ಗಡಿಯಾಚೆಗೆ ಶಿರಾ ತಾಲ್ಲೂಕಿನ ಬರಗೂರು, ಉತ್ತರಕ್ಕೆ ಕಂಬದೂರು, ಆಗ್ನೇಯಕ್ಕೆ ನಂದಿಯ ಭೋಗನಂದೀಶ್ವರ ಮತ್ತು ಕೋಲಾರ ಜಿಲ್ಲೆಯ ಆವನಿ ಇವೆ.

ಅಮರಾಪುರ, ರತ್ನಗಿರಿ, ಮಡಕಶಿರಾ

ಅಮರಾಪುರದ ಮಹತ್ವ ಒಂದು ಶಾಸನದಲ್ಲಿದೆ. ನೊಳಂಬರ ನಂತರ ಈ ನಾಡನ್ನು ಆಳಿದವರಲ್ಲಿ ನಿಡುಗಲ್ಲಿನ ಚೋಳರು ಮುಖ್ಯರು. ಅವರ ಬೆಟ್ಟದ ನೆಲೆ ಇಲ್ಲಿಂದ ಹತ್ತಿರದಲ್ಲೇ, ಪಾವಗಡ ತಾಲ್ಲೂಕಿನಲ್ಲಿದೆ. ಅವರಲ್ಲಿ ಇರುಂಗೋಳನ ಆಳ್ವಿಕೆಗೆ ಸೇರಿದ 1278ರ ಅಮರಾಪುರದ ಶಾಸನ, ತೈಲಂಗೆರೆಯ ಬ್ರಹ್ಮಜಿನಾಲಯದ ಪ್ರಸನ್ನ ಪಾರ್ಶ್ವದೇವರಿಗೆ ಮಲ್ಲಿಸೆಟ್ಟಿ ಎಂಬಾತ 2,000 ಅಡಿಕೆ ಮರಗಳ ತೋಟವನ್ನು ದಾನವಿತ್ತ ಸಂಗತಿಯನ್ನು ದಾಖಲಿಸಿದೆ. ಮಳೆಗೆ ಬಾಯಿ ಬಿಡುವ ಈ ಸೀಮೆಯಲ್ಲಿ 13ನೇ ಶತಮಾನದಲ್ಲೇ ಅಷ್ಟು ದೊಡ್ಡ ಅಡಿಕೆ ತೋಟಕ್ಕೆ ಆಗುವಷ್ಟು ನೀರಾವರಿ ಇತ್ತೆಂಬುದು ಇದರಿಂದ ತಿಳಿಯುತ್ತದೆ. ಇಂದೂ ಅಮರಾಪುರದ ಸುತ್ತ ಅಡಿಕೆ ತೋಟಗಳಿವೆ.

ರೊಳ್ಳ ಮಂಡಲದ ರತ್ನಗಿರಿ ಪಾಳೆಯಗಾರರ ಕಾಲದ ಬೆಟ್ಟದ ಕೋಟೆ. ಬುಡದ ಊರಿನಲ್ಲಿ ಕೊಲ್ಲಾಪುರದ ಮಹಾಲಕ್ಷ್ಮಿಯ ಗುಡಿಯಿದೆ. ಮಧುಗಿರಿ, ಮಿಡಿಗೇಶಿ, ಪಾವಗಡ, ನಿಡುಗಲ್ಲುಗಳ ಏಕಶಿಲಾ ಬೆಟ್ಟಗಳ ಮೇಲೆ ಕೋಟೆ ಕಟ್ಟಿದ ಪರಂಪರೆಗೆ ಸೇರಿದ್ದು ಇದು. ಮಧುಗಿರಿಯನ್ನು ಏರುವ ಚಾರಣಿಗರು ಸಾವಿರಗಟ್ಟಲೆ. ಗಡಿಯಾಚೆಯ ರತ್ನಗಿರಿಯ ಹೆಸರು ಕೇಳಿದವರು ಅವರಲ್ಲಿ ಕಡಿಮೆ.

ಮಡಕಶಿರಾ ಪಟ್ಟಣವೂ ಕೋಟೆಯ ಬೆಟ್ಟವೊಂದರ ಬುಡದಲ್ಲಿದೆ. ಮಂಡಲದ ಭಕ್ತರಹಳ್ಳಿಯ ಲಕ್ಷ್ಮೀನರಸಿಂಹ ದೇವಾಲಯಕ್ಕೆ ಸುತ್ತಣ ಕನ್ನಡ ಸೀಮೆಯ ಭಕ್ತರಿದ್ದಾರೆ. ಹಿಂದೂಪುರದೊಂದಿಗೆ ಈ ಭಾಗವೂ ರೇಷ್ಮೆಗೂಡಿನ ನಾಡು.

ರಾಯದುರ್ಗ: ಕೋಟೆ, ಗುಹೆ, ದಶಭುಜ ಗಣಪತಿ

ರಾಯದುರ್ಗ ಬಳ್ಳಾರಿಯ ದಕ್ಷಿಣಕ್ಕೆ, ಮೊಳಕಾಲ್ಮೂರಿನ ಪಕ್ಕದಲ್ಲಿರುವ ಪಟ್ಟಣ. ಬೇಡ ನಾಯಕರ ಕೈಯಲ್ಲಿದ್ದ ಬೆಟ್ಟವನ್ನು ವಿಜಯನಗರದವರು ವಶಪಡಿಸಿಕೊಂಡರು. 1565ರಲ್ಲಿ ವಿಜಯನಗರ ಸೋತ ಬಳಿಕ ಬೇಡರು ಮತ್ತೆ ನೆಲೆಯೂರಿದರು. ಆಮೇಲೆ ಕೋನೇಟಿ ನಾಯಕ ಅವರನ್ನು ಹೊರಹಾಕಿ ತನ್ನ ವಂಶದ ಆಳ್ವಿಕೆ ಆರಂಭಿಸಿದ. ಆ ವಂಶದ ವೆಂಕಟಪತಿ ನಾಯಕನನ್ನು ಟಿಪ್ಪು ಶ್ರೀರಂಗಪಟ್ಟಣಕ್ಕೆ ಸೆರೆಯಾಳಾಗಿ ಒಯ್ದ. ಟಿಪ್ಪುವಿನ ಪತನದ ಬಳಿಕ ಅವನ ಮನೆತನದವನೊಬ್ಬ ದುರ್ಗಕ್ಕೆ ಮರಳಿದರೂ ಹೆಚ್ಚು ದಿನ ಉಳಿಯಲಿಲ್ಲ. ಕಂಪನಿಯ ಆಡಳಿತ ಬರುತ್ತಿದ್ದಂತೆ ಪಾಳೆಯಪಟ್ಟಿನ ಕಾಲ ಮುಗಿಯಿತು.

ಬೆಟ್ಟ ಏರುವ ದಾರಿಯಲ್ಲಿ ಸುತ್ತು ಸುತ್ತಿನ ಕೋಟೆಗೋಡೆ, ಬಾಗಿಲುಗಳು, ಪಾಳುಬಿದ್ದ ಕಟ್ಟಡಗಳು, ಮಾಧವರಾಯ ಮೊದಲಾದ ದೇವರ ಗುಡಿಗಳು ಸಿಗುತ್ತವೆ. ಕೋಟೆಗಿಂತಲೂ ಹಳೆಯ ಗುರುತುಗಳು ಜೈನರವು. ಊರಿನ ಜನ ರಸಸಿದ್ಧರ ಗುಡಿ ಎಂದು ಕರೆಯುವ ಗುಹೆಗಳಲ್ಲಿ ಜೈನ ಉಬ್ಬುಶಿಲ್ಪಗಳಿವೆ. ರಸವಿದ್ಯೆಯ ಸಿದ್ಧರು ಇಲ್ಲಿ ತಪಸ್ಸು ಮಾಡಿದರೆಂಬ ನಂಬಿಕೆಯಿಂದ ಆ ಹೆಸರು. ರಾಯದುರ್ಗದ ಒಂದು ಶಾಸನ ಒಂದನೆಯ ಹರಿಹರನ ಕಾಲದ್ದು, 1355ರದು. ಭೋಗರಾಜನೆಂಬ ಜೈನ ವರ್ತಕ ಶಾಂತಿನಾಥ ಜಿನೇಶ್ವರನನ್ನು ಪ್ರತಿಷ್ಠಾಪಿಸಿದನೆಂದು ಅದು ಹೇಳುತ್ತದೆ. ವಿಜಯನಗರ ಹುಟ್ಟಿ ಇಪ್ಪತ್ತು ವರ್ಷವೂ ಆಗಿರದ ಆ ದಿನಗಳಲ್ಲಿ ರಾಯದುರ್ಗ ವರ್ತಕರ ಊರಾಗಿತ್ತು ಎಂಬುದಕ್ಕೆ ಇದು ಸಾಕ್ಷಿ.

ಇಂದಿನ ರಾಯದುರ್ಗಕ್ಕೆ ಹೆಚ್ಚು ಜನರನ್ನು ಕರೆತರುವುದು ದಶಭುಜ ಗಣಪತಿ. ಕೋಟೆ ಪ್ರದೇಶದ ಗುಡಿಯಲ್ಲಿರುವ ಹತ್ತು ಕೈಗಳ ಈ ಏಕಶಿಲಾ ಮೂರ್ತಿಗೆ ಬಳ್ಳಾರಿ, ಚಿತ್ರದುರ್ಗದ ಕಡೆಯಿಂದಲೂ ಭಕ್ತರು ಬರುತ್ತಾರೆ. ಪ್ರಸನ್ನ ವೆಂಕಟರಮಣ, ಜಂಬುಕೇಶ್ವರ ಗುಡಿಗಳೂ ಊರಿನಲ್ಲಿವೆ. ಬಳ್ಳಾರಿಯಂತೆ ಇಲ್ಲೂ ಜೀನ್ಸ್ ಹೊಲಿಗೆ ದೊಡ್ಡ ಕಸುಬು.

ಹಗರಿಯ ಮರಳುದಿಬ್ಬಗಳು

ಬೊಮ್ಮನಹಾಳ್ ಮಂಡಲದ ದರ್ಗಾ ಹೊನ್ನೂರು, ಗೋವಿಂದವಾಡ ಮತ್ತು ಕಣೇಕಲ್ಲು ಕಡೆಯ ಕೆಲವು ಹಳ್ಳಿಗಳ ಬಳಿ ಮರುಭೂಮಿಯನ್ನು ಹೋಲುವ ಮರಳುದಿಬ್ಬಗಳಿವೆ. ಹತ್ತಿರದ ಸಮುದ್ರ ನೂರಾರು ಕಿ.ಮೀ. ದೂರ, ರಾಜಸ್ಥಾನ ಇನ್ನೂ ದೂರ. ಈ ಮರಳನ್ನು ತಂದದ್ದು ಹಗರಿ, ಅಂದರೆ ವೇದಾವತಿ. ಚಿಕ್ಕಮಗಳೂರಿನ ಬೆಟ್ಟಗಳಲ್ಲಿ ಹುಟ್ಟಿ, ಹಿರಿಯೂರಿನ ಮಾರಿಕಣಿವೆಯಲ್ಲಿ ವಾಣಿವಿಲಾಸ ಸಾಗರವನ್ನು ತುಂಬಿ, ಆಂಧ್ರಕ್ಕೆ ದಾಟಿ ಭೈರವಾನಿ ತಿಪ್ಪದ ಅಣೆಕಟ್ಟು ಹಾದು, ಬಳ್ಳಾರಿ ಜಿಲ್ಲೆಯಲ್ಲಿ ತುಂಗಭದ್ರೆಗೆ ಸೇರುವ ನದಿ ಇದು. ವರ್ಷದ ಬಹುಪಾಲು ಪಾತ್ರ ಒಣಗಿರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೀಸುವ ನೈರುತ್ಯದ ಬಿರುಗಾಳಿ ಆ ಬರಿಪಾತ್ರದ ಸಣ್ಣ ಮರಳನ್ನು ಎತ್ತಿ ಪೂರ್ವದ ದಂಡೆಗೆ ಸುರಿಯುತ್ತದೆ. ಘಟ್ಟದ ಬೆನ್ನಿನ ಈ ನಾಡಿಗೆ ಮುಂಗಾರು ತರುವುದು ನೀರಿಗಿಂತ ಹೆಚ್ಚಾಗಿ ಗಾಳಿಯನ್ನು. ದಿಬ್ಬಗಳು ಬೆಳೆಯುವುದೂ ಆಗಲೇ.

ನೋಡುವವರಿಗೆ ಬೆರಗಾದದ್ದು ರೈತರಿಗೆ ಕಷ್ಟ. ಮರಳು ಹೊಲಕ್ಕೆ ನುಗ್ಗಿ ಬಿತ್ತಿದ ಪೈರನ್ನು ಮುಚ್ಚುತ್ತದೆ, ದಾರಿಯನ್ನು ಕಟ್ಟುತ್ತದೆ. ದಿಬ್ಬ ಸರಿಯದಂತೆ ಹಿಡಿದಿಡಲು ಗಿಡಮರಗಳ ಬೇರೇ ಉಪಾಯ. ಗಾಳಿ ಎಳೆದ ಗೀರುಗಳು, ದಿಬ್ಬದ ಒಂದು ಮಗ್ಗುಲು ಇಳಿಜಾರಾಗಿ ಇನ್ನೊಂದು ಕಡಿದಾಗಿ ಇರುವುದನ್ನು ನೋಡಿ ಗಾಳಿ ಬೀಸಿದ ದಿಕ್ಕನ್ನು ಹೇಳಬಹುದು. ಜಪಾನಿನ ತೊತ್ತೋರಿ ದಿಬ್ಬಗಳೂ ಮರುಭೂಮಿಯಲ್ಲದ ಕಡೆ ನದಿ ಹೊತ್ತು ತಂದ ಮರಳನ್ನು ಗಾಳಿ ಪೇರಿಸಿದ್ದರಿಂದ ಆದವು. ಕಡಲ ದಂಡೆಯ ಉದ್ದಕ್ಕೆ ಸುಮಾರು 16 ಕಿ.ಮೀ. ಹರಡಿರುವ ಅವು ಅಲ್ಲಿ ಹೆಸರಾಂತ ಪ್ರವಾಸಿ ತಾಣ. ಕರ್ನಾಟಕದಲ್ಲಿ ಕಾವೇರಿಯ ಮರಳು ತಲಕಾಡಿನ ಗುಡಿಗಳನ್ನು ಮುಚ್ಚಿದ್ದು ಇದೇ ಬಗೆಯ ಕ್ರಿಯೆ. ಆದರೆ ತಲಕಾಡಿಗೆ ಶಾಪದ ಕಥೆಯಿದೆ, ಪಂಚಲಿಂಗ ದರ್ಶನವಿದೆ. ಹಗರಿಯ ದಿಬ್ಬಗಳಿಗೆ ಅಂಥ ಕಥೆಯ ಬಲವಿಲ್ಲ.

ಗಡಿಯಾಚೆಯ ನೆರೆಯ ತಾಣಗಳು

ರಾಯದುರ್ಗಕ್ಕೆ ಹೋದವರು ವಾಯವ್ಯಕ್ಕೆ ತಿರುಗಿದರೆ ಕರ್ನಾಟಕದ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳನ್ನು ತಲುಪಬಹುದು. ಮೂರೂ ಕಡೆ ಅಶೋಕನ ಕಿರು ಬಂಡೆಶಾಸನಗಳಿವೆ. 1890ರ ದಶಕದ ಆರಂಭದಲ್ಲಿ ಬಿ.ಎಲ್. ರೈಸ್ ಅವನ್ನು ಬೆಳಕಿಗೆ ತಂದರು. ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರೆಂಬ ಅಧಿಕಾರಿಗಳಿಗೆ ಹೊರಟ ಆಜ್ಞೆಗಳಿವು. ಬರೆದ ಲಿಪಿಕಾರ ಚಪಡ ಬ್ರಾಹ್ಮಿಯಲ್ಲಿ ಶಾಸನ ಮುಗಿಸಿ, ಲಿಪಿಕಾರ ಎಂಬುದನ್ನು ಮಾತ್ರ ವಾಯವ್ಯ ಭಾರತದ ಖರೋಷ್ಠಿಯಲ್ಲಿ ಬರೆದಿದ್ದಾನೆ. 1947ರಲ್ಲಿ ಮಾರ್ಟಿಮರ್ ವೀಲರ್ ಬ್ರಹ್ಮಗಿರಿಯಲ್ಲಿ ಉತ್ಖನನ ನಡೆಸಿ, ನವಶಿಲಾಯುಗ ಮತ್ತು ಬೃಹತ್ ಶಿಲಾ ಸಮಾಧಿಗಳ ಕಾಲದ ನೆಲೆಗಳನ್ನು ಪದರ ಪದರವಾಗಿ ತೋರಿಸಿದ. ಜಟಿಂಗ ರಾಮೇಶ್ವರ ಬೆಟ್ಟ ಜಟಾಯು ಬಿದ್ದ ಜಾಗವೆಂಬುದು ಸ್ಥಳಪುರಾಣ.

ಅಮರಾಪುರದ ಕಡೆಯಿಂದ ದಾಟಿದರೆ ನಿಡುಗಲ್ಲಿನ ಬೆಟ್ಟ ಸಿಗುತ್ತದೆ. ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣದ ಕುರುಚಲು ಕಾಡನ್ನು 2019ರಲ್ಲಿ ಚಿಂಕಾರಾ ವನ್ಯಜೀವಿಧಾಮವೆಂದು ಘೋಷಿಸಲಾಯಿತು. ಉತ್ತರ ಭಾರತದ ಒಣನಾಡಿನ ಪ್ರಾಣಿಯೆಂದೇ ಹಲವರು ತಿಳಿದಿರುವ ಈ ಸಣ್ಣ ಜಿಂಕೆ ಇಲ್ಲಿನ ಒಣ ಕಾಡಿಗೂ ಹೊಂದಿಕೊಂಡಿದೆ.

ಗಡಿ ದಾಟದೆ, ಆಂಧ್ರದಲ್ಲೇ ಪೂರ್ವದ ಅಂಚಿನಲ್ಲಿರುವ ಎರಡು ತಾಣಗಳನ್ನೂ ಹೇಳಲೇಬೇಕು. ಚಿಲಮತ್ತೂರು ಮಂಡಲದ ವೀರಾಪುರದಲ್ಲಿ ಬಣ್ಣದ ಕೊಕ್ಕರೆಗಳು ವರ್ಷದ ಆರಂಭದಲ್ಲಿ ಬಂದು ಊರೊಳಗಿನ ಮರಗಳಲ್ಲೇ ಗೂಡು ಕಟ್ಟಿ ಮರಿಮಾಡುತ್ತವೆ. ಕೊಕ್ಕರೆ ಬೆಳ್ಳೂರಿನಂತೆ ಇಲ್ಲೂ ಊರಿನವರೇ ಕಾವಲು. ಕ್ರೊಯೇಷಿಯಾದ ಚಿಗೋಚ್ ಎಂಬ ಹಳ್ಳಿಗೆ ಮನೆಯ ಮಾಡುಗಳ ಮೇಲೆ ಗೂಡು ಕಟ್ಟುವ ಕೊಕ್ಕರೆಗಳಿಂದಾಗಿ 1994ರಲ್ಲಿ ಯೂರೋಪಿನ ಕೊಕ್ಕರೆ ಗ್ರಾಮ ಎಂಬ ಮಾನ್ಯತೆ ಸಿಕ್ಕಿತು. ಅದನ್ನು ನೋಡಲೆಂದೇ ಜನ ಅಲ್ಲಿಗೆ ಹೋಗುತ್ತಾರೆ. ಎರಡನೆಯದು ಕದಿರಿಯ ಬಳಿಯ ತಿಮ್ಮಮ್ಮನ ಆಲದಮರ, ತೆಲುಗಿನ ತಿಮ್ಮಮ್ಮ ಮರ್ರಿಮಾನು. ಸುಮಾರು 5 ಎಕರೆ ನೆಲವನ್ನು ಆವರಿಸಿದ ಈ ಮರ 1989ರಲ್ಲಿ ಗಿನ್ನೆಸ್ ದಾಖಲೆಗೆ ಸೇರಿತು. ಇದನ್ನು ಹೊರಜಗತ್ತಿಗೆ ಪರಿಚಯಿಸಿದವರಲ್ಲಿ ಬೆಂಗಳೂರಿನ ಪತ್ರಕರ್ತ, ಛಾಯಾಗ್ರಾಹಕ ರಿಗ್ರೆಟ್ ಅಯ್ಯರ್ ಪ್ರಮುಖರು.

ಗಡಿ ಮತ್ತು ಪ್ರವಾಸ: ಬೇರೆಡೆಯ ಅನುಭವ

ಗಡಿ ಒಂದು ತಾಣವನ್ನು ಮರೆಗೆ ತಳ್ಳಬಲ್ಲದು, ಎತ್ತಿ ತೋರಿಸಲೂಬಲ್ಲದು. ಬೆಲ್ಜಿಯಂ ಮತ್ತು ನೆದರ್‌ಲೆಂಡ್ಸ್ ಹಂಚಿಕೊಂಡ ಬಾರ್ಲೆ ಪಟ್ಟಣದಲ್ಲಿ ಗಡಿಗೆರೆ ಬೀದಿ, ಅಂಗಡಿ, ಮನೆಗಳನ್ನೂ ಸೀಳಿಕೊಂಡು ಹೋಗುತ್ತದೆ. ಪಟ್ಟಣ ಆ ಗೆರೆಯನ್ನು ನೆಲದ ಮೇಲೆ ಗುರುತಿಸಿ, ಅದನ್ನೇ ನೋಡುವ ವಸ್ತುವಾಗಿ ಮಾಡಿಕೊಂಡಿದೆ. ಹೇಮಾವತಿಗೆ ಹೆಚ್ಚು ಹತ್ತಿರದ ಹೋಲಿಕೆ ಟರ್ಕಿಯ ಕಾರ್ಸ್ ಪ್ರಾಂತದ ಆನಿ. 961ರಿಂದ 1045ರವರೆಗೆ ಆರ್ಮೇನಿಯಾದ ಬಾಗ್ರಾಟಿ ಅರಸರ ರಾಜಧಾನಿಯಾಗಿದ್ದ ಈ ಊರು ಇಂದು ಅಖುರಿಯನ್ ನದಿಯ ಟರ್ಕಿಯ ದಂಡೆಯಲ್ಲಿದೆ. ನದಿಯ ಆಚೆ ಆರ್ಮೇನಿಯಾ. ತಮ್ಮ ಹಳೆಯ ರಾಜಧಾನಿಯ ಪಾಳುಗುಡಿಗಳನ್ನು ಆರ್ಮೇನಿಯದವರು ಎದುರು ದಂಡೆಯಿಂದ ನೋಡಬೇಕಾಯಿತು. 2016ರಲ್ಲಿ ಯುನೆಸ್ಕೊ ಆನಿಯನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಆನಿ ಮತ್ತು ಹೆಂಜೇರು ಒಂದೇ ಶತಮಾನದಲ್ಲಿ ರಾಜಧಾನಿಗಳಾಗಿದ್ದವು. ಎರಡೂ ಅವನ್ನು ತಮ್ಮದೆಂದು ಬಗೆಯುವವರಿಂದ ಒಂದು ಗೆರೆಯಷ್ಟು ಆಚೆಗಿವೆ. ವ್ಯತ್ಯಾಸವೆಂದರೆ ಹೇಮಾವತಿಯ ಗಡಿಯಲ್ಲಿ ಸೈನಿಕರಿಲ್ಲ, ರಹದಾರಿಯೂ ಬೇಡ. ಶಿರಾದಲ್ಲಿ ಬಸ್ಸು ಹತ್ತಿದರೆ ಸಾಕು. ಇತ್ತ ಲೇಪಾಕ್ಷಿಯ ವೀರಭದ್ರ ದೇವಾಲಯ ಮತ್ತು ನಂದಿ 2022ರಲ್ಲಿ ಯುನೆಸ್ಕೊದ ತಾತ್ಕಾಲಿಕ ಪಟ್ಟಿಗೆ ಸೇರಿದವು. ವಿಜಯನಗರದ ಲೇಪಾಕ್ಷಿಗಿಂತ ಆರು ಶತಮಾನ ಹಿಂದಿನ ನೊಳಂಬ ಗುಡಿಗಳಿಗೆ ಅದರ ನೆರಳೂ ಸಿಕ್ಕಿಲ್ಲ.

ತಲುಪುವ ಬಗೆ

ಮಡಕಶಿರಾ ಸೀಮೆಗೆ ಕರ್ನಾಟಕದಿಂದ ಶಿರಾ, ಮಧುಗಿರಿ, ಪಾವಗಡ, ಹಿರಿಯೂರುಗಳ ಮೂಲಕ ರಸ್ತೆಗಳಿವೆ. ರೈಲಿನಲ್ಲಿ ಬರುವವರಿಗೆ ಬೆಂಗಳೂರು–ಗುಂತಕಲ್ಲು ಮಾರ್ಗದ ಹಿಂದೂಪುರ ಹತ್ತಿರದ ನಿಲ್ದಾಣ. ರಾಯದುರ್ಗ ಬಳ್ಳಾರಿ–ಚಿತ್ರದುರ್ಗ ರೈಲು ಮಾರ್ಗದಲ್ಲಿದೆ. ಉಳಿದುಕೊಳ್ಳಲು ಹಿಂದೂಪುರ, ಶಿರಾ, ಬಳ್ಳಾರಿಗಳೇ ಅನುಕೂಲ. ಬಂಡೆ ಕಾಯುವ ಬೇಸಗೆಯನ್ನು ಬಿಟ್ಟು ಅಕ್ಟೋಬರ್‌ನಿಂದ ಫೆಬ್ರವರಿಯೊಳಗೆ ಹೋಗುವುದು ಒಳ್ಳೆಯದು. ಕೊಕ್ಕರೆಗಳನ್ನು ನೋಡಬೇಕಾದವರು ಮಾತ್ರ ಆಮೇಲೂ ಹೋಗಬಹುದು. ಕೋಟೆಗಳಿಗೆ ಕುಡಿಯುವ ನೀರನ್ನು ಹೊತ್ತೇ ಏರಬೇಕು. ಮರಳುದಿಬ್ಬಗಳ ಹಾದಿ ಹೊಲಗಳ ನಡುವಿನದು. ಊರಿನವರನ್ನು ಕೇಳಿಕೊಂಡು ಹೋಗಬೇಕು, ಬಿತ್ತನೆ ಮಾಡಿದ ನೆಲವನ್ನು ತುಳಿಯಬಾರದು. ದಾರಿ ಕೇಳಲು ಎಲ್ಲ ಕಡೆಯೂ ಕನ್ನಡ ನಡೆಯುತ್ತದೆ.

ಸುಮಾರು 207 ಕಿ.ಮೀ. ಉದ್ದದ ತುಮಕೂರು–ರಾಯದುರ್ಗ ರೈಲು ಮಾರ್ಗವನ್ನು ಕೊರಟಗೆರೆ, ಮಧುಗಿರಿ, ಮಡಕಶಿರಾ, ಪಾವಗಡ, ಕಲ್ಯಾಣದುರ್ಗಗಳ ಮೂಲಕ ಯೋಜಿಸಲಾಗಿದೆ. ರಾಯದುರ್ಗದ ಕಡೆಯಿಂದ ಒಂದು ಭಾಗ ಸಿದ್ಧವಾಗಿದೆ. ಪೂರ್ತಿಯಾದರೆ ಅದು ಈ ಗಡಿಯನ್ನು ಮತ್ತೆ ಮತ್ತೆ ದಾಟುತ್ತ, ಇಲ್ಲಿ ಹೇಳಿದ ತಾಣಗಳ ಎರಡು ತುದಿಗಳನ್ನು ಕೂಡಿಸುವ ಮೊದಲ ನೇರ ರೈಲು ಹಾದಿಯಾಗುತ್ತದೆ. ಎರಡೂ ರಾಜ್ಯಗಳ ಪ್ರವಾಸೋದ್ಯಮ ಇಲಾಖೆಗಳು ಸೇರಿ ನೊಳಂಬವಾಡಿಯನ್ನು ಒಂದೇ ಸುತ್ತಿನಲ್ಲಿ ತೋರಿಸುವ ಏರ್ಪಾಡು ಮಾಡುವುದಕ್ಕೆ ಅದಕ್ಕಾಗಿ ಕಾಯಬೇಕಾಗಿಯೂ ಇಲ್ಲ. ಬರಗೂರು, ಹೇಮಾವತಿ, ಅಮರಾಪುರ, ನಿಡುಗಲ್ಲುಗಳ ನಡುವೆ ರಸ್ತೆ ಈಗಾಗಲೇ ಇದೆ.